ಎತ್ತಿನ ಕೋಣೆಯಲ್ಲಿ ಮೂರು ರಾತ್ರಿ

ನಾವು ಮಲಗಿದ್ದ ಕೋಣೆ ಹಿಂದೆ ಎತ್ತುಗಳದ್ದಾಗಿತ್ತು. ಅದು ಗೊತ್ತಾದದ್ದು ಎರಡನೆಯ ದಿನ ಬೆಳಿಗ್ಗೆ. ಗೋಡೆಗುಂಟ ಉದ್ದಕ್ಕೆ ಒಂದು ಕಲ್ಲಿನ ಕಟ್ಟೆ, ಅದರ ಮೇಲೆ ಮೆತ್ತನೆಯ ದಿಂಬುಗಳನ್ನು ಜೋಡಿಸಿ ಕೂರುವ ಜಾಗ ಮಾಡಿದ್ದರು. ಕಾಫಿ ಕುಡಿಯುತ್ತಾ ಕೂತವಳು ಒರಗಿಕೊಳ್ಳಲು ಹಿಂದೆ ಕೈ ಚಾಚಿದರೆ ತಣ್ಣಗಿನ ಕಬ್ಬಿಣದ ಬಳೆಯೊಂದು ಸಿಕ್ಕಿತು. ಹಗ್ಗ ಉಜ್ಜಿ ಉಜ್ಜಿ ಒಂದು ಕಡೆ ಸವೆದು ತೆಳ್ಳಗಾದ ಬಳೆ. ಕೊಟ್ಟಿಗೆ ಗುಡಿಸಿ ಬೆಳೆದವರಿಗೆ ಅದೇನೆಂದು ಯಾರೂ ಹೇಳಬೇಕಾಗಿಲ್ಲ. ನಾನು ಕೂತಿದ್ದದ್ದು ಗೋದಲಿಯ ಮೇಲೆ.

"ಅಮ್ಮಾ, ಒಂದು ರಾತ್ರಿಗೆ ನೂರಾ ಇಪ್ಪತ್ತು ಯೂರೋ ಕೊಟ್ಟು ಕೊಟ್ಟಿಗೇಲಿ ಮಲಗಿದೀವಿ" ಎಂದು ಮಗಳು ನಕ್ಕಳು. ನಾನೂ ನಕ್ಕೆ. ಆದರೆ ಆ ಬಳೆಯನ್ನು ಕೈಯಿಂದ ಬಿಡಲು ಯಾಕೋ ಮನಸ್ಸಾಗಲಿಲ್ಲ.

ಮಗಳು ಓದುತ್ತಿರುವುದು ಫ್ಲಾರೆನ್ಸಿನಲ್ಲಿ. ಮೊನ್ನೆ ಅಕ್ಟೋಬರಿನಲ್ಲಿ ಅವಳ ಬಳಿಗೆ ಹೋಗಿದ್ದಾಗ, ಮ್ಯೂಸಿಯಂ ಸುತ್ತಿ ಸುತ್ತಿ ಕಾಲು ಬಾತುಕೊಂಡ ತಾಯಿಗೆ ಮೂರು ದಿನ ಹಳ್ಳಿಯ ಗಾಳಿ ಇರಲಿ ಎಂದು ಈ ತೋಟದ ಮನೆಯನ್ನು ಹುಡುಕಿದ್ದಳು. ಅರೆಝೊ ಪಟ್ಟಣದ ದಕ್ಷಿಣಕ್ಕೆ, ವಾಲ್ ದಿ ಕಿಯಾನಾ ಎಂಬ ಅಗಲವಾದ ಕಣಿವೆಯಲ್ಲಿ, ಎರಡೂವರೆ ಶತಮಾನದಷ್ಟು ಹಳೆಯ, ಈಗ ದುರಸ್ತಿ ಮಾಡಿ ಹೊಳಪು ಕೊಟ್ಟಿರುವ ಇಟ್ಟಿಗೆ ಮನೆ. ಸುತ್ತ ಆಲಿವ್ ಮರಗಳು, ದೂರದ ಗುಡ್ಡದ ಮೇಲೆ ಕೊರ್ತೋನಾ ಊರು. ಸುಖಕ್ಕೆ ಏನೂ ಕಡಿಮೆಯಿರಲಿಲ್ಲ. ಬೆಳಿಗ್ಗೆ ಮಂಜು ಕಣಿವೆಯ ತಳದಲ್ಲಿ ಹಾಲಿನ ಹಾಗೆ ನಿಂತಿರುತ್ತಿತ್ತು. ಅಲ್ಲಿನ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಮೊದಲ ತುತ್ತಿಗೆ ಸಪ್ಪೆ ಎನ್ನಿಸಿದ್ದು, ಹಸಿರು ಆಲಿವ್ ಎಣ್ಣೆಯಲ್ಲಿ ಅದ್ದಿ ತಿಂದ ಮೇಲೆ ಯಾಕೆ ಹಾಗೆಂದು ಅರ್ಥವಾಯಿತು.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡಿದವಳು. ಮನೆಯೊಂದು ಕಂಡರೆ ಕಟ್ಟಿಸಿದವರು ಯಾರು, ಇದ್ದವರು ಯಾರು ಎಂದು ಕೇಳದೆ ಇರಲಾಗದ ರೋಗ ಅದರಿಂದ ಅಂಟಿದ್ದು. ಈ ಮನೆಯ ವಿಷಯದಲ್ಲಿ ಎರಡು ಪ್ರಶ್ನೆಗೂ ಬೇರೆ ಬೇರೆ ಉತ್ತರ.

ಈ ಕಣಿವೆ ಒಂದು ಕಾಲಕ್ಕೆ ಜೌಗು ನೆಲ. ಕಿಯಾನಾ ನದಿಗೆ ಇಳಿಜಾರೇ ಸಾಲದೆ ನೀರು ನಿಂತು, ಮಲೇರಿಯಾ ಹರಡಿ, ಜನ ಗುಡ್ಡದ ಮೇಲೆ ಊರು ಕಟ್ಟಿಕೊಂಡಿದ್ದರು. ಇಲ್ಲಿನ ಬೇಸಿಗೆಯ ಜ್ವರ ಡಾಂಟೆಯ ನರಕದ ವರ್ಣನೆಯಲ್ಲೂ ಬರುತ್ತದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಲಿಯೊನಾರ್ಡೊ ಡ ವಿಂಚಿ ಬರೆದ ಈ ಕಣಿವೆಯ ನಕ್ಷೆಯಲ್ಲಿ ನಡುವೆ ದೊಡ್ಡ ನೀಲಿ ಕೆರೆಯಂತೆ ಹರಡಿಕೊಂಡಿರುವುದು ಇದೇ ಜೌಗು. ನೀರನ್ನು ಬಸಿದು ಹಾಕುವ ಕೆಲಸ ಶತಮಾನಗಳವರೆಗೆ ಅರೆಬರೆಯಾಗಿ ನಡೆಯಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವಿತ್ತೋರಿಯೊ ಫೊಸೊಂಬ್ರೋನಿ ಎಂಬ ಎಂಜಿನಿಯರು ಅದನ್ನು ಒಂದು ದಡ ಮುಟ್ಟಿಸಿದ. ಅವನು ಹಿಡಿದ ಉಪಾಯ ಸರಳ: ಗುಡ್ಡದಿಂದ ಇಳಿಯುವ ಹಳ್ಳಗಳ ಕೆಂಪು ನೀರನ್ನು ಬದು ಹಾಕಿದ ತಗ್ಗುಗಳಿಗೆ ತಿರುಗಿಸಿ ನಿಲ್ಲಿಸುವುದು, ಮಣ್ಣು ತಳಕ್ಕೆ ಕೂತ ಮೇಲೆ ತಿಳಿನೀರನ್ನು ಬಿಡುವುದು. ವರ್ಷ ವರ್ಷವೂ ನೆಲ ಮೇಲೇರುತ್ತಾ ಬರುತ್ತದೆ. ಮಳೆಗಾಲದ ಗೋಡುಮಣ್ಣು ಗದ್ದೆಯನ್ನು ಎತ್ತರಿಸುವುದನ್ನು ನೋಡಿದ ನಮ್ಮ ಕಡೆಯ ಯಾವ ರೈತನೂ ಇದಕ್ಕೆ ತಲೆದೂಗುತ್ತಾನೆ.

ಹಾಗೆ ಎದ್ದ ಹೊಸ ನೆಲಕ್ಕೆ ಒಕ್ಕಲು ಬೇಕು, ಒಕ್ಕಲಿಗೆ ಮನೆ ಬೇಕು. ಆಗ ಟಸ್ಕನಿಯನ್ನು ಆಳುತ್ತಿದ್ದವನು ಹ್ಯಾಬ್ಸ್‌ಬರ್ಗ್ ಮನೆತನದ ಪಿಯೆತ್ರೊ ಲೆಯೊಪೋಲ್ದೊ. ಫ್ರಾನ್ಸಿನ ರಾಣಿ ಮರೀ ಆಂಟೊನೆಟ್‌ಳ ಅಣ್ಣ. 1765ರಿಂದ 1790ರವರೆಗೆ ಆಳಿದ ಈತ ಸುಧಾರಣೆಯ ಹುಚ್ಚಿನವನು. 1786ರಲ್ಲಿ ಮರಣದಂಡನೆಯನ್ನೇ ರದ್ದು ಮಾಡಿದ. ಒಕ್ಕಲು ಮಕ್ಕಳ ಮನೆ ಹೇಗಿರಬೇಕು ಎಂದು ಯೋಚಿಸಿದವರೂ ಅವನ ಕಾಲದಲ್ಲಿ ಇದ್ದರು. 1770ರಲ್ಲಿ ಫೆರ್ದಿನಾಂದೊ ಮೊರೊಝಿ ಎಂಬಾತ ರೈತರ ಮನೆಗಳ ಬಗ್ಗೆಯೇ ಒಂದು ಪುಸ್ತಕ ಬರೆದ. ಅರಮನೆ, ಚರ್ಚು ಬಿಟ್ಟು ದನ ಕಟ್ಟುವ ಜಾಗ, ಗಾಳಿ ಬರುವ ದಿಕ್ಕು, ಗೊಬ್ಬರದ ಗುಂಡಿ ಎಷ್ಟು ದೂರ ಇರಬೇಕು ಎಂದೆಲ್ಲ ವಾಸ್ತುಶಿಲ್ಪಿಯೊಬ್ಬ ತಲೆಕೆಡಿಸಿಕೊಂಡದ್ದು ಸಣ್ಣ ಸಂಗತಿಯಲ್ಲ. ಈ ಕಣಿವೆಯಲ್ಲಿ ಆಗ ಎದ್ದ ಮನೆಗಳಿಗೆ ಜನ ಇವತ್ತಿಗೂ ದೊರೆಯ ಹೆಸರಿನಿಂದಲೇ 'ಲೆಯೊಪೋಲ್ದಿನಾ' ಎನ್ನುತ್ತಾರೆ.

ದೂರದಿಂದಲೇ ಗುರುತು ಹಿಡಿಯಬಹುದು. ಚೌಕಾಕಾರದ ಕಟ್ಟಡ, ಮುಂದೆ ಕಮಾನಿನ ಜಗಲಿ, ಮಾಡಿನ ನಡುವೆ ಮೇಲೆದ್ದ ಚಿಕ್ಕ ಗೋಪುರ. ಆ ಗೋಪುರ ಪಾರಿವಾಳಗಳಿಗೆ; ಮಾಂಸವೂ ಆಯಿತು, ಗೊಬ್ಬರವೂ ಆಯಿತು. ಕೆಳಗೆ ದನ, ಮೇಲೆ ಜನ. ಚಳಿಗಾಲದಲ್ಲಿ ದನಗಳ ಮೈಯ ಬಿಸಿ ಮೇಲಿನ ಕೋಣೆಗಳಿಗೆ ಏರುತ್ತಿತ್ತು. ಒಳಗೇ ಕೂತು ಚಳಿ ಕಾಯಿಸಬಹುದಾದಷ್ಟು ದೊಡ್ಡ ಒಲೆ ಅಡುಗೆಮನೆಯಲ್ಲಿ. ಹಾಸಿಗೆ ಬೆಚ್ಚಗಾಗಿಸಲು ಕೆಂಡದ ಮಡಕೆಯನ್ನು ತೂಗುಬಿಡುವ ಮರದ ಚೌಕಟ್ಟೊಂದು ಮೇಲಿನ ಗೋಡೆಗೆ ಅಲಂಕಾರವಾಗಿ ತೂಗುತ್ತಿತ್ತು. ಅದಕ್ಕೆ 'ಪ್ರೇತೆ' ಎಂದು ಹೆಸರಂತೆ. ಅವರ ಭಾಷೆಯಲ್ಲಿ ಪ್ರೇತೆ ಎಂದರೆ ಪಾದ್ರಿ. ಪಾದ್ರಿಯನ್ನು ಹಾಸಿಗೆಗೆ ಹಾಕಿದಿರಾ ಎಂದು ರಾತ್ರಿ ಹೊತ್ತು ಕೇಳಿಕೊಂಡು ನಗುತ್ತಿದ್ದರಂತೆ. ನಮ್ಮ ಕಿವಿಗೆ ಅದು ಇನ್ನೂ ಭಯಂಕರವಾಗಿ ಕೇಳಿಸುತ್ತದೆ ಎಂದು ಮನೆಯೊಡತಿಗೆ ಹೇಳಿಸಿದೆ. ಮಗಳು ಅನುವಾದ ಮಾಡುವಷ್ಟರಲ್ಲಿ ನಗೆ ಆರಿತ್ತು.

ಕಟ್ಟಿಸಿದವರ ಕಥೆ ಇಷ್ಟು. ಇದ್ದವರ ಕಥೆಯನ್ನು ಹೇಳಿದ್ದು ಎರಡನೆಯ ದಿನ ಆಲಿವ್ ಮರಗಳ ಕೆಳಗೆ ಬಲೆ ಹಾಸುತ್ತಿದ್ದ ಒಬ್ಬ ಮುದುಕ. ಎಂಬತ್ತೆರಡು ವಯಸ್ಸು. ಕೊಯ್ಲಿನ ಕಾಲದಲ್ಲಿ ಕೈ ಆಡಿಸಲು ಬರುತ್ತಾನೆ, ದುಡ್ಡಿಗಲ್ಲ, ಸುಮ್ಮನೆ. ನಾವು ಯಾವ ಕೋಣೆಯಲ್ಲಿದ್ದೇವೆಂದು ಕೇಳಿ, "ಎತ್ತಿನ ಕೋಣೆ. ಮನೆಯಲ್ಲೇ ಬೆಚ್ಚಗಿನ ಕೋಣೆ" ಎಂದ. ಅವನು ಹುಟ್ಟಿದ್ದು ಅದರ ಮೇಲಿನ ಕೋಣೆಯಲ್ಲಿ.

ಅವನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲ ಈ ಜಮೀನಿನ 'ಮೆಜ್ಜಾದ್ರೊ'ಗಳು. ಮೆಜ್ಜೊ ಅಂದರೆ ಅರ್ಧ. ಭೂಮಿ, ಮನೆ ಒಡೆಯನದು, ದುಡಿಮೆ ಒಕ್ಕಲಿನದು, ಬೆಳೆದದ್ದರಲ್ಲಿ ಇಬ್ಬರಿಗೂ ಅರ್ಧರ್ಧ. ಮಧ್ಯಯುಗದಿಂದ ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಟಸ್ಕನಿಯ ಬೇಸಾಯ ನಿಂತಿದ್ದದ್ದು ಈ ಒಪ್ಪಂದದ ಮೇಲೆ. ಅರ್ಧ ಅಂದರೆ ನ್ಯಾಯವೇ ಅಲ್ಲವೇ ಎನ್ನಿಸುತ್ತದೆ. 1801ರಲ್ಲಿ ಟಸ್ಕನಿಯ ಬೇಸಾಯದ ಬಗ್ಗೆ ಪುಸ್ತಕ ಬರೆದ ಸಿಸ್ಮೊಂದಿ ಎಂಬ ಸ್ವಿಸ್ ಅರ್ಥಶಾಸ್ತ್ರಜ್ಞನಿಗೂ ಈ ಪದ್ಧತಿಯ ಮೇಲೆ ಒಲವಿತ್ತು. ಅವನೂ ಅಲ್ಲಿ ಜಮೀನಿದ್ದವನೇ ಅನ್ನುವುದನ್ನು ಮರೆಯಬಾರದು.

ಒಪ್ಪಂದ ಒಬ್ಬ ಗಂಡಸಿನ ಜೊತೆಗಲ್ಲ, ಇಡೀ ಮನೆತನದ ಜೊತೆಗೆ. ಮನೆಯ ಹಿರಿಯ 'ಕಪೋಚ್ಚಾ' ಲೆಕ್ಕ ಒಪ್ಪಿಸುವವನು. ಹೆಂಗಸರ ಕಡೆಯ ಯಜಮಾನಿ 'ಮಸ್ಸಾಯ', ಕೋಳಿ ಮತ್ತು ಅಡುಗೆ ಅವಳ ಆಡಳಿತ. ಮನೆಯ ಮಗನೊಬ್ಬ ಹೊರಗೆ ಕೂಲಿಗೆ ಹೋಗಬೇಕಾದರೆ, ಮದುವೆಯಾಗಬೇಕಾದರೆ, ಒಡೆಯನ ಒಪ್ಪಿಗೆ ಬೇಕು. ಎಷ್ಟು ಕೈಗಳು, ಎಷ್ಟು ಬಾಯಿಗಳು ಎನ್ನುವುದು ಜಮೀನಿನ ಲೆಕ್ಕಕ್ಕೆ ಹೊಂದಬೇಕಲ್ಲ. ಅರ್ಧ ಪಾಲಿನ ಮೇಲೆ ಹಬ್ಬಹಬ್ಬಕ್ಕೆ ಕೋಳಿ, ಮೊಟ್ಟೆ ಒಡೆಯನ ಮನೆಗೆ ಮುಟ್ಟಿಸಬೇಕು. ಎಷ್ಟೋ ಕಡೆ ಅವರ ಬಟ್ಟೆ ಒಗೆಯುವುದೂ ಒಕ್ಕಲು ಹೆಂಗಸರ ಪಾಲಿಗೆ. ಒಡೆಯ ಊರಿನಲ್ಲಿರುತ್ತಿದ್ದ, ಮೇಲ್ವಿಚಾರಣೆಗೆ 'ಫತ್ತೋರೆ' ಎಂಬ ಪಾರುಪತ್ಯಗಾರ. ಎರಡೂ ಕಡೆಯ ಲೆಕ್ಕ ಒಂದು ಪುಸ್ತಕದಲ್ಲಿ, ಅದನ್ನು ಬರೆಯುವವನು ಅವನೇ. ಬಿತ್ತನೆಗೆ ಕೊಟ್ಟದ್ದು, ಕೊರತೆಯ ವರ್ಷ ಕಡ ಕೊಟ್ಟ ಗೋಧಿ, ಸತ್ತ ಎತ್ತಿನ ಪಾಲು, ಎಲ್ಲವೂ ಅದರಲ್ಲಿ ಏರುತ್ತಾ ಹೋಗುತ್ತಿತ್ತು. ಯಾವಾಗ ಬೇಡವೆನ್ನಿಸಿದರೂ 'ದಿಸ್ದೆತ್ತಾ', ಬಿಡಿಸುವ ನೋಟೀಸು. ಮನೆ ಒಡೆಯನದ್ದು ತಾನೆ? ಗಾಡಿಗೆ ಮಂಚ, ಮಡಕೆ ಹೇರಿಕೊಂಡು ಮತ್ತೊಂದು ಜಮೀನು ಹುಡುಕುವುದು.

"ನನ್ನಪ್ಪನಿಗೆ ಓದಲು ಬರುತ್ತಿರಲಿಲ್ಲ" ಎಂದ ಮುದುಕ. "ವರ್ಷಕ್ಕೊಮ್ಮೆ ಟೋಪಿ ತೆಗೆದು ಕೈಯಲ್ಲಿ ಹಿಡಿದು ಫತ್ತೋರೆಯ ಮೇಜಿನ ಮುಂದೆ ನಿಲ್ಲುತ್ತಿದ್ದ. ಅವನು ಓದಿದ್ದಕ್ಕೆ ಹೂಂ ಅನ್ನುತ್ತಿದ್ದ."

ಮಗಳು ಇದನ್ನು ಕನ್ನಡಕ್ಕೆ ತರುತ್ತಾ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತು. ನಮ್ಮಜ್ಜ ಸಾಗರ ತಾಲೂಕಿನ ಗೇಣಿದಾರ.

ನಮ್ಮಲ್ಲಿ ಪುಸ್ತಕವಿರಲಿಲ್ಲ, ಕೊಳಗವಿತ್ತು. ಗೇಣಿ ಭತ್ತವನ್ನು ಒಡೇರ ಮನೆಯ ಅಂಗಳದಲ್ಲಿ ಒಡೇರ ಕೊಳಗದಲ್ಲೇ ಅಳೆಯಬೇಕು. ಆ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು ಅನ್ನುವುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಅಳತೆ ಸರಿಯಿರಲಿ ಎಂದು ಕೇಳಿದ್ದೇ 1951ರ ಕಾಗೋಡು ಸತ್ಯಾಗ್ರಹದ ಮೊದಲ ಕಿಡಿ. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ, ಹಿಂದೆ ಶಾಂತವೇರಿ ಗೋಪಾಲಗೌಡರಂಥ ಸಮಾಜವಾದಿಗಳು. ಹೊಲಕ್ಕೆ ಕಾಲಿಡಬಾರದೆಂದು ತಡೆದ ನೆಲಕ್ಕೆ ತಂಡ ತಂಡವಾಗಿ ಹೋಗಿ ನೇಗಿಲು ಹೂಡುವುದು, ಪೊಲೀಸರು ಹಿಡಿದೊಯ್ಯುವುದು. ಲೋಹಿಯಾ ಬಂದು ಅಲ್ಲೇ ಬಂಧನಕ್ಕೊಳಗಾದರು. ಪಕ್ಕದ ಊರಿನಿಂದ ಹೋದ ಒಂದು ತಂಡದಲ್ಲಿ ಅಜ್ಜನೂ ಇದ್ದ. ಜೈಲಿನಲ್ಲಿ ಅವನಿಗೆ ಅತಿ ಕಷ್ಟವಾದದ್ದು ಎಲೆಯಡಿಕೆ ಇಲ್ಲದ್ದು ಎಂದು ಅಜ್ಜಿ ಹೇಳುತ್ತಿದ್ದಳು.

ಆ ಮೇಲೆ ಅಜ್ಜ ಮೂರು ಸೇರಿನ ಕೊಳಗವೊಂದನ್ನು ತಾನೇ ದುಡ್ಡು ಕೊಟ್ಟು ಮಾಡಿಸಿದ. ಒಡೇರು ಅದರಲ್ಲಿ ಅಳೆಯಲು ಒಪ್ಪಿದರೋ ಇಲ್ಲವೋ, ಅದು ಮಾತ್ರ ಮನೆಯ ದೇವರ ಮಾಡದ ಪಕ್ಕದಲ್ಲಿ ಕೂತಿತು. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ ಜಾರಿಗೆ ಬಂದಾಗ ಅಪ್ಪ ಏಳನೇ ನಂಬರಿನ ಫಾರಂ ತುಂಬಿದರು. ಭೂನ್ಯಾಯಮಂಡಳಿಯ ಮುಂದೆ ಒಡೇರ ಕಡೆಯವರು, ಇವರು ಗೇಣಿದಾರರೇ ಅಲ್ಲ, ನಮ್ಮ ಕೂಲಿಯವರು ಎಂದರು. ಐದು ವರ್ಷ ಓಡಾಟ. ಕೊನೆಗೆ ಎರಡೂವರೆ ಎಕರೆ ಗದ್ದೆ ಮತ್ತು ಮನೆಯಡಿಯ ಜಾಗ ನಮ್ಮ ಹೆಸರಿಗೆ ಬಂತು. ನಾನು ಕಾಲೇಜಿಗೆ ಹೋದದ್ದು ಆ ಗದ್ದೆಯ ಭತ್ತ ಮಾರಿದ ದುಡ್ಡಿನಲ್ಲಿ.

ಇಟಲಿಯಲ್ಲಿ ಬೇರೆ ದಾರಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಒಕ್ಕಲುಗಳು ಅಲ್ಲೂ ಎದ್ದರು, ಸುಗ್ಗಿಯ ಕಣದಲ್ಲೇ ಜಗಳ ಹೂಡಿದರು. 1947ರಲ್ಲಿ ಅವರ ಪಾಲು ನೂರಕ್ಕೆ ಐವತ್ತರಿಂದ ಐವತ್ಮೂರಕ್ಕೆ ಏರಿತು. 1964ರ ಕಾನೂನು ಅದನ್ನು ಐವತ್ತೆಂಟು ಮಾಡಿತು, ಇನ್ನು ಮುಂದೆ ಹೊಸದಾಗಿ ಇಂಥ ಒಪ್ಪಂದ ಮಾಡಿಕೊಳ್ಳುವಂತಿಲ್ಲ ಎಂದಿತು. ಮರುವರ್ಷ ಇನ್ನೊಂದು ಕಾನೂನು, ಜಮೀನು ಮಾರಾಟಕ್ಕೆ ಬಂದರೆ ಕೊಳ್ಳುವ ಮೊದಲ ಹಕ್ಕು ಒಕ್ಕಲಿನದು ಎಂದು. ಉಳುವವನೇ ಒಡೆಯ ಎಂದು ಮಾತ್ರ ಯಾರೂ ಹೇಳಲಿಲ್ಲ. ಅಷ್ಟರಲ್ಲಿ ಕೊಳ್ಳುವ ಆಸೆಯೂ ಹೊರಟುಹೋಗಿತ್ತು. ಪಟ್ಟಣಗಳಲ್ಲಿ ಫ್ಯಾಕ್ಟರಿಗಳು ತೆರೆದಿದ್ದವು. ಅರೆಝೊದ ಚಿನ್ನದ ಒಡವೆ ಕಾರ್ಖಾನೆಗಳಿಗೆ ಕೈಗಳು ಬೇಕಿದ್ದವು. ಈ ಮುದುಕ ಇಪ್ಪತ್ತೆರಡನೆಯ ವಯಸ್ಸಿಗೆ ನೇಗಿಲು ಬಿಟ್ಟು ಸರ ಪೋಣಿಸಲು ಹೋದ.

"ಮನೆ ಬಿಡುವಾಗ ದುಃಖವಾಯಿತೇ ಕೇಳು" ಎಂದೆ ಮಗಳಿಗೆ.

ಅವನು ಬಲೆಯ ತುದಿಗೆ ಕಲ್ಲಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡ. "ಇಲ್ಲಿ ನಲ್ಲಿಯಿರಲಿಲ್ಲ, ಕರೆಂಟಿರಲಿಲ್ಲ, ಕಕ್ಕಸು ಕೊಟ್ಟಿಗೆಯ ಹಿಂದೆ. ಅರೆಝೊದ ಮನೆಗೆ ಹೋದ ದಿನ ನನ್ನವ್ವ ಸಂಜೆಯವರೆಗೂ ನಲ್ಲಿ ತಿರುಗಿಸಿ ನೀರು ಬಿಡುವುದು, ನಿಲ್ಲಿಸುವುದು, ಅದೇ ಮಾಡುತ್ತಿದ್ದಳು. ನಿಮಗೆ ಈ ಮನೆ ಚೆಂದ ಕಾಣುತ್ತದೆ. ಚೆಂದವೇ. ನಮಗೆ ಅದನ್ನು ನೋಡಲು ಪುರುಸೊತ್ತಿರಲಿಲ್ಲ."

ಹೀಗೆ ಸಾವಿರಾರು ಮನೆಗಳು ಖಾಲಿ ಬಿದ್ದವು. ಮಾಡು ಕುಸಿದು, ಕಿಟಕಿಯಿಂದ ಅಂಜೂರದ ಗಿಡ ಎದ್ದಿತು. ಆಮೇಲೆ ಇಂಗ್ಲಿಷರು, ಜರ್ಮನರು ಬಂದು ಅಗ್ಗಕ್ಕೆ ಕೊಂಡರು. 1985ರಲ್ಲಿ ರೈತರು ತಮ್ಮ ತೋಟದಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳಲು ಅನುವಾಗುವ ಕಾನೂನು ಬಂತು, 'ಅಗ್ರಿತುರಿಸ್ಮೊ' ಎಂದು ಅದರ ಹೆಸರು. ಬೇಸಾಯವೇ ಮುಖ್ಯವಾಗಿರಬೇಕು, ಅತಿಥಿ ಸತ್ಕಾರ ಅದಕ್ಕೆ ಪೂರಕ ಎನ್ನುವುದು ಅದರ ಷರತ್ತು. ಆ ಕಾನೂನನ್ನು ನಾನು ಗೇಲಿ ಮಾಡಲಾರೆ. ಅದಿಲ್ಲದಿದ್ದರೆ ಈ ಗೋಡೆ, ಈ ಕಬ್ಬಿಣದ ಬಳೆ ಯಾವುದೂ ಉಳಿಯುತ್ತಿರಲಿಲ್ಲ. ಕಣಿವೆಯಲ್ಲಿ ಇವತ್ತಿಗೂ ಮಾಡಿಲ್ಲದೆ ನಿಂತ ಲೆಯೊಪೋಲ್ದಿನಾಗಳನ್ನು ದಾರಿಯುದ್ದಕ್ಕೂ ನೋಡಿದೆವು; ಪಾರಿವಾಳ ಮಾತ್ರ ತಮ್ಮ ಗೋಪುರ ಬಿಟ್ಟಿಲ್ಲ.

ಇನ್ನೊಂದನ್ನು ಮುದುಕ ತೋರಿಸಿದ. ಹಿತ್ತಿಲಿನ ಬೇಲಿಯಲ್ಲಿ ಒಂದು ಹಳೆಯ ಮೇಪಲ್ ಮರ, ಅದಕ್ಕೆ ಹಬ್ಬಿದ ದ್ರಾಕ್ಷಿ ಬಳ್ಳಿ. ಮೊದಲೆಲ್ಲ ದ್ರಾಕ್ಷಿಗೆ ಈಗಿನ ಹಾಗೆ ತಂತಿಯ ಸಾಲಿರಲಿಲ್ಲ, ಮರಕ್ಕೇ ಹಬ್ಬಿಸುತ್ತಿದ್ದರು. ಮರದ ಎಲೆ ದನಕ್ಕೆ ಮೇವು, ಸಾಲುಗಳ ನಡುವೆ ಗೋಧಿ. ಒಂದೇ ನೆಲದಲ್ಲಿ ಮೂರು ಬೆಳೆ. ಹೀಗೆ ಹಬ್ಬಿಸಿದ ಬಳ್ಳಿಗೆ 'ಮದುವೆಯಾದ ಬಳ್ಳಿ' ಎಂದು ಹೆಸರು. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದ್ದನ್ನು ದಿನಾ ಕಂಡವಳಿಗೆ, ಮಲ್ಲಿಗೆ ಬಳ್ಳಿಗೂ ಮಾವಿನ ಮರಕ್ಕೂ ಮದುವೆ ಮಾಡಿಸಿದ ಶಕುಂತಲೆಯ ಕಥೆ ಓದಿದವಳಿಗೆ, ಆ ಹೆಸರು ಕೇಳಿ ಮುದುಕನ ಕೈ ಹಿಡಿದುಕೊಳ್ಳಬೇಕೆನ್ನಿಸಿತು. ಕಿಯಾನಿನಾ ಎಂಬ ಇಲ್ಲಿನ ಬಿಳಿ ಎತ್ತುಗಳು ಆಳೆತ್ತರ ಇರುತ್ತಿದ್ದವಂತೆ. ನೇಗಿಲು ಹೋಗಿ ಟ್ರ್ಯಾಕ್ಟರು ಬಂದ ಮೇಲೂ ಆ ತಳಿ ಉಳಿದಿದೆ, ಫ್ಲಾರೆನ್ಸಿನ ಹೋಟೆಲುಗಳ ದಪ್ಪ ಮಾಂಸದ ತುಂಡಿಗಾಗಿ. ಹಳೆಯದು ಉಳಿಯಬೇಕಾದರೆ ಯಾರಿಗಾದರೂ ರುಚಿಸಬೇಕು.

ಇಷ್ಟೆಲ್ಲ ನನ್ನನ್ನು ಯಾಕೆ ಕಾಡಿತು ಎಂದರೆ, ಇಟಲಿಗೆ ಹೊರಡುವ ಹಿಂದಿನ ವಾರ ತಮ್ಮ ಫೋನು ಮಾಡಿದ್ದ. ಬೆಂಗಳೂರಿನ ಒಂದು ಕಂಪನಿಯವರು ನಮ್ಮ ಮನೆ ನೋಡಿಕೊಂಡು ಹೋಗಿದ್ದಾರೆ, ಹದಿನೈದು ವರ್ಷಕ್ಕೆ ಲೀಸಿಗೆ ಕೇಳುತ್ತಿದ್ದಾರೆ, ಹೋಮ್‌ಸ್ಟೇ ಮಾಡುತ್ತಾರಂತೆ. ಬೇಕಿದ್ದರೆ ಕೊಂಡುಕೊಳ್ಳಲೂ ತಯಾರು. 2020ರ ತಿದ್ದುಪಡಿಯ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಲ್ಲ. ಕಾಗದಕ್ಕೆ ನನ್ನ ಸಹಿಯೂ ಬೇಕು. ತಮ್ಮನದು ತಪ್ಪೆನ್ನಲಾರೆ. ಅವನಿರುವುದು ಶಿವಮೊಗ್ಗದಲ್ಲಿ; ಗದ್ದೆಯನ್ನು ಇನ್ನೊಬ್ಬರಿಗೆ ಮಾಡಲು ಕೊಟ್ಟಿದ್ದಾನೆ. ಪಾಲು ಎಷ್ಟು ಎಂದು ನಾನು ಕೇಳಿಲ್ಲ. ಕೇಳಬೇಕಿತ್ತು. ಮನೆ ಮಳೆಗೆ ಸೋರುತ್ತಿದೆ. ಕಂಪನಿಯವರು ಕಳಿಸಿದ ಚಿತ್ರಗಳನ್ನು ವಾಟ್ಸಾಪಿನಲ್ಲಿ ಹಾಕಿದ್ದ. ಅಜ್ಜಿ ಬಿಳಿಮಣ್ಣಿನಲ್ಲಿ ಬರೆಯುತ್ತಿದ್ದ ಚಿತ್ತಾರ ಈಗ ಗೋಡೆತುಂಬ ಪ್ರಿಂಟು. ಕೊಟ್ಟಿಗೆಯ ಜಾಗದಲ್ಲಿ ಮಂಚ. ಊಟದ ಮೇಜಿನ ಮೇಲೆ ತಲೆಕೆಳಗಾಗಿ ತೂಗುಬಿಟ್ಟ ದೀಪ, ದೀಪಕ್ಕೆ ಮುಚ್ಚಳವಾಗಿ ಒಂದು ಕೊಳಗ. ಯಾವ ಕೊಳಗವೆಂದು ಬೇರೆ ಕೇಳಬೇಕಾಗಿರಲಿಲ್ಲ.

ಮೂರನೆಯ ರಾತ್ರಿ ಸೀಗೆ ಹುಣ್ಣಿಮೆ. ನಮ್ಮ ಕಡೆ ಅದು ಭೂಮಿ ಹುಣ್ಣಿಮೆ. ಗರ್ಭಿಣಿಗೆ ಬಯಕೆಯ ಊಟ ಹಾಕುವ ಹಾಗೆ, ಹೊಡೆ ತುಂಬಿದ ಗದ್ದೆಗೆ ಉಣಬಡಿಸುವ ಹಬ್ಬ. ಅಜ್ಜಿ ಕೆಮ್ಮಣ್ಣು ಬಳಿದ ಬುಟ್ಟಿಗೆ ಚಿತ್ತಾರ ಬರೆದು, ರಾತ್ರಿಯಿಡೀ ಅಡುಗೆ ಮಾಡಿ, ನಸುಕಿನಲ್ಲಿ ಗದ್ದೆಗೆ ಹೊತ್ತೊಯ್ಯುತ್ತಿದ್ದಳು. ಆ ಗದ್ದೆ ನಮ್ಮದಲ್ಲದ ಕಾಲದಲ್ಲೂ ಹಾಗೆಯೇ ಉಣಿಸಿದ್ದಳು. ಜಗಲಿಯ ಕಮಾನಿನ ಕೆಳಗೆ ಕೂತು ಆಲಿವ್ ಮರಗಳ ಮೇಲೆ ಬಿದ್ದ ಬೆಳದಿಂಗಳು ನೋಡುತ್ತಾ ಇದನ್ನು ಮಗಳಿಗೆ ಹೇಳಿದೆ. ಉಳಿದಿದ್ದ ಬ್ರೆಡ್ಡಿನ ಚೂರನ್ನು ಅವಳು ತೆಗೆದುಕೊಂಡು ಹೋಗಿ, ನಗದೆ, ಮೇಪಲ್ ಮರದ ಬುಡದಲ್ಲಿಟ್ಟು ಬಂದಳು.

ಊರಿನಲ್ಲಿ ಆಗ ಬೆಳಗಿನ ಜಾವ. ತಮ್ಮ ಬೇಗ ಏಳುವವನು. ಫೋನು ಮಾಡಿದೆ.

"ಅಕ್ಕಾ, ಹೆಂಗಿದೆ ಇಟಲಿ?"

"ಚೆನ್ನಾಗಿದೆ. ಕೊಟ್ಟಿಗೇಲಿ ಮಲಗಿದೀನಿ. ಅಜ್ಜನ ಕೊಳಗ ಎಲ್ಲಿದೆ?"

"ಅಟ್ಟದ ಮೇಲೆ. ಯಾಕೆ? ಅವರು ಅದನ್ನೂ ಲಿಸ್ಟಿಗೆ ಹಾಕಿದಾರೆ."

"ಅದನ್ನ ಇವತ್ತೇ ನಿನ್ನ ಮನೆಗೆ ತಗಂಡು ಹೋಗು. ಮತ್ತೆ, ಗದ್ದೆ ಮಾಡೋರಿಗೆ ಎಷ್ಟು ಪಾಲು ಕೊಡ್ತಿದೀಯ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಕೋಳಿ ಕೂಗಿದ್ದು ಕೇಳಿಸಿತು.

"ಅರ್ಧ" ಎಂದ. "ಸಹಿ ಏನು ಮಾಡ್ತೀಯಕ್ಕಾ?"

"ಬಂದು ಕೂತು ಮಾತಾಡಾನ" ಎಂದೆ.